ಮಾವನ ಎಡಗಡೆಗೆ ಇಟ್ಟ ಮೀನಿನ ತೊಟ್ಟಿ

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಬರಹ ಕಾಗೆ ಕಾಲು ಗುಬ್ಬಿ ಕಾಲು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಎಲ್ಲಾದರೂ ಬಿಟ್ಟುಹೋಗಿದ್ದರೆ, ಮಾತು ಎಲ್ಲಾದರೂ ಸೊಟ್ಟಗಾಗಿದ್ದರೆ ಓದುವವರು ಸರಿಮಾಡಿಕೊಂಡು ಓದಬೇಕು. ಇದು ನನ್ನ ಸೋದರತ್ತೆಯ ವಿಷಯ. ನಾನು ಕಣ್ಣಾರೆ ಕಂಡದ್ದು ಸ್ವಲ್ಪ, ಅತ್ತೆ ಬಾಯಿಬಿಟ್ಟು ಹೇಳಿದ್ದು ಹೆಚ್ಚು. ಅವಳು ಹೇಳದೆ ಇದ್ದದ್ದನ್ನು ನಾನಾಗಿ ಸೇರಿಸಿಲ್ಲ.

ಅತ್ತೆ ಆಸ್ಪತ್ರೆಯಲ್ಲಿ ವಾರ್ಡು ತೊಳೆಯುವ ಕೆಲಸದವಳು. ಮದುವೆಯಾದ ಮರುವರ್ಷ ಸೇರಿದ್ದು. ಈಗ ಅವಳಿಗಿಂತ ಹಳಬರು ಅಲ್ಲಿ ಗೋಡೆಗಳು ಮಾತ್ರ. ನೆಲ, ಮಂಚದ ಕಾಲು, ಕಿಟಕಿಯ ಸರಳು, ಬೇಸಿನ್ನಿನ ಕೆಳಗಿನ ಕೊಳವೆ, ಯಾರ ಕಣ್ಣೂ ಹೋಗದ ಸಂದಿಗೊಂದಿಗೆಲ್ಲ ಅವಳ ಬಟ್ಟೆ ಹೋಗುತ್ತಿತ್ತು. ಒರೆಸಿ ಮುಗಿಸಿದ ಮೇಲೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಬೆಳಕು ಬೀಳುವ ಕಡೆಯಿಂದ ನೆಲವನ್ನು ಓರೆಯಾಗಿ ನೋಡುವಳು. ಎಲ್ಲಾದರೂ ಒಂದಿಷ್ಟು ಮಂಕು ಕಂಡರೆ ಮತ್ತೆ ಬಕೆಟ್ಟು, ಮತ್ತೆ ಬಟ್ಟೆ. ನರ್ಸುಗಳು ಅವಳಿಗೆ ಫಿನಾಯಿಲಕ್ಕ ಎಂದು ಹೆಸರಿಟ್ಟಿದ್ದರು. "ಫಿನಾಯಿಲಕ್ಕ ಬಂದ್ರು, ಕಾಲು ಮೇಲೆತ್ಕೊಳ್ಳಿ. ಇಲ್ಲಾಂದ್ರೆ ನಿಮ್ಮನ್ನೂ ಸೇರಿಸಿ ಒರೆಸಿಬಿಡ್ತಾರೆ" ಎಂದು ರೋಗಿಗಳನ್ನು ಹೆದರಿಸುವರು. ಅತ್ತೆಗೆ ಆ ಹೆಸರಿನ ಮೇಲೆ ಬೇಸರವಿರಲಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು.

ಮನೆಯಲ್ಲೂ ಅದೇ ಕತೆ. ಓಣಿಯ ಕೊನೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಪಕ್ಕದಲ್ಲಿ ಇಸ್ತ್ರಿ ಅಂಗಡಿ, ಅದರ ಬಿಸಿ ಹಬೆ ಯಾವಾಗಲೂ ಕಿಟಕಿಯೊಳಗೆ. ಆ ಎರಡು ಕೋಣೆಯಲ್ಲಿ ಒಂದು ಕೂದಲು ಬಿದ್ದಿದ್ದರೂ ಅದು ಯಾರದು ಎಂದು ವಿಚಾರಣೆಯಾಗುತ್ತಿತ್ತು. ಮಾವ ಸಿಟಿ ಬಸ್ಸಿನ ಡ್ರೈವರ್. ಬಾಯಿ ತೆಗೆದರೆ ತಮಾಷೆ. "ನಮ್ಮನೇಲಿ ಧೂಳಿಗೆ ಸೀಟಿಲ್ಲ, ನಿಂತ್ಕೊಂಡು ಹೋಗೋಕೂ ಬಿಡಲ್ಲ ಇವಳು" ಎನ್ನುವರು. ಮಕ್ಕಳಾಗಲಿಲ್ಲ. ಅದಕ್ಕೆ ಇಬ್ಬರೂ ಬಹಳ ಅತ್ತು, ಆಮೇಲೆ ಒಬ್ಬರನ್ನೊಬ್ಬರು ರೇಗಿಸಿಕೊಂಡೇ ಕಾಲ ಕಳೆದರು.

ಒಂದು ಬೆಳಿಗ್ಗೆ ಡಿಪೋದಲ್ಲಿ ಬಸ್ಸು ಹತ್ತಲು ಕಾಲೆತ್ತಿದವರು ಹಾಗೇ ಕುಸಿದರು. ಲಕ್ವ. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಉಳಿಯಿತು, ನಾಲಿಗೆ ಸ್ವಲ್ಪ ದಪ್ಪವಾದಂತೆ ತೊದಲುತ್ತಿತ್ತು, ಅಷ್ಟೆ. ಮಾತು ಉಳಿದದ್ದೇ ಪುಣ್ಯ ಎಂದರು ಎಲ್ಲರೂ. ಅತ್ತೆಯೂ ಹಾಗೇ ಅಂದುಕೊಂಡು ಮನೆಗೆ ಕರೆತಂದಳು.

ಮನೆಗೆ ಬಂದ ಮೇಲೆ ಗೊತ್ತಾಯಿತು. ಮಾವನ ಪಾಲಿಗೆ ಎಡಗಡೆ ಎನ್ನುವುದೇ ಇಲ್ಲವಾಗಿತ್ತು. ತಟ್ಟೆಯಲ್ಲಿ ಬಲಗಡೆಯ ಅನ್ನ ಮಾತ್ರ ತಿನ್ನುವರು. "ಇಷ್ಟೇನಾ? ಇವತ್ತು ರೇಷನ್ನಾ?" ಎಂದು ಕೇಳುವರು. ಅತ್ತೆ ತಟ್ಟೆಯನ್ನು ತಿರುಗಿಸಿ ಇಟ್ಟರೆ, "ಹಾಂ, ಈಗ ಬಡಿಸ್ದೆ ನೋಡು" ಎಂದು ಉಳಿದರ್ಧ ತಿನ್ನುವರು. ಕನ್ನಡಿ ಕೊಟ್ಟರೆ ಬಲಗೆನ್ನೆ ಬೋಳಿಸಿಕೊಂಡು ಕ್ಷೌರ ಮುಗಿಯಿತು ಎನ್ನುವರು. ಒಮ್ಮೆ ತಮ್ಮದೇ ಎಡಗೈ ಬಲಗೈಯ ಬೆರಳಿಗೆ ತಗುಲಿದಾಗ ಅದನ್ನು ಬಲಗೈಯಲ್ಲಿ ಎತ್ತಿ ಹಿಡಿದು ಅತ್ತೆಗೆ ಹೇಳಿದರಂತೆ:

"ಲೇ, ಯಾರೋ ಕೈ ಬಿಟ್ಟು ಇಳಿದು ಹೋಗಿದಾರೆ. ಡಿಪೋಗೆ ಕೊಟ್ಟುಬಿಡು. ಲಗೇಜ್ ಮರೆತೋರು ಬಂದು ಕೇಳ್ತಾರೆ."

ಅತ್ತೆ ನಕ್ಕಳು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದಳು. ಅವರ ಮುಖ ನೋಡಿದರೆ ತಮಾಷೆ ಇರಲಿಲ್ಲ.

ಅದಕ್ಕಿಂತ ಕಷ್ಟವಾದದ್ದು ಬೇರೆ. ಮಂಚದ ಬಲಗಡೆ ಗೋಡೆ. ಕೋಣೆ, ಬಾಗಿಲು, ಅಡುಗೆ ಮಾಡುವ ಕಟ್ಟೆ, ಎಲ್ಲ ಎಡಗಡೆಗೆ. ಅತ್ತೆ ಓಡಾಡುವುದೆಲ್ಲ ಆ ಕಡೆಯೇ. ಅವಳು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅವರ ಎಡಗೈಯನ್ನು ಮಡಿಲಲ್ಲಿಟ್ಟು ತಿಕ್ಕುತ್ತಿದ್ದರೆ, ಮಾವ ಗೋಡೆಯ ಕಡೆ ಮುಖ ಮಾಡಿ, ನೋಡಲು ಬಂದ ನನ್ನ ಅಮ್ಮನನ್ನು ಕೇಳುವರು:

"ಇವಳೆಲ್ಲಿ ಹೋದ್ಳು? ಬೆಳಿಗ್ಗೆಯಿಂದ ಪತ್ತೆ ಇಲ್ಲ."

"ಇಲ್ಲೇ ಇದ್ದೀನ್ರೀ" ಎಂದರೆ ದನಿ ಬಂದ ಕಡೆಗೆ ತಿರುಗದೆ, "ಎಲ್ಲಿ? ಬಚ್ಚಲಲ್ಲಾ?" ಎನ್ನುವರು.

ಮನೆಗೆ ಬಂದು ವ್ಯಾಯಾಮ ಮಾಡಿಸುವ ಮೇಡಂ ಒಬ್ಬರಿದ್ದರು. ಚಿಕ್ಕ ವಯಸ್ಸು, ಮಾತು ಮೆತ್ತಗೆ. ಅವರು ಬಿಡಿಸಿ ಹೇಳಿದರು. "ಕಣ್ಣು ಚೆನ್ನಾಗೇ ಇದೆ ಅಮ್ಮಾ. ಆ ಕಡೆ ಅಂತ ಒಂದಿದೆ ಅನ್ನೋದನ್ನೇ ತಲೆ ಮರೆತುಬಿಟ್ಟಿದೆ. ಮಂಚ ತಿರುಗಿಸಬೇಡಿ. ನೀವೂ ಅವರಿಗೆ ಸುಲಭ ಆಗ್ಲಿ ಅಂತ ತಲೆದಿಂಬಿನ ಬಲಗಡೆಗೆ ಹೋಗಿ ಮಾತಾಡಬೇಡಿ. ಕರೆಯೋದು, ತಿನ್ನಿಸೋದು, ಎಲ್ಲಾ ಎಡಗಡೆಯಿಂದಾನೇ. ಅವರಾಗೇ ಹುಡುಕಬೇಕು."

"ಹುಡುಕದೇ ಇದ್ರೆ?"

"ಈ ಮೊದಮೊದಲ ತಿಂಗಳುಗಳಲ್ಲಿ ಕಲಿತರೆ ಕಲಿತರು. ಆಮೇಲೆ ಕಷ್ಟ. ಆ ಕಡೆ ಅವರಿಗೆ ಇಷ್ಟ ಆಗೋ ಅಂಥದ್ದು ಏನಾದ್ರೂ ಇಡಿ. ಸುಮ್ನೆ ಇರೋದಲ್ಲ, ಓಡಾಡೋ ಅಂಥದ್ದು."

ಇಷ್ಟವಾದದ್ದು, ಓಡಾಡುವಂಥದ್ದು. ಅತ್ತೆ ತನ್ನನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡಿಕೊಂಡಳಂತೆ.

ಆಮೇಲೆ ಅವಳಿಗೆ ನೆನಪಾದದ್ದು ಮೀನಂಗಡಿ. ಮಾವನ ಬಸ್ಸಿನ ದಾರಿಯಲ್ಲಿ ಒಂದು ದೊಡ್ಡ ಸಿಗ್ನಲ್ಲು, ಅದರ ಪಕ್ಕದಲ್ಲೇ ಸಾಕುವ ಮೀನು ಮಾರುವ ಅಂಗಡಿ. "ಕೆಂಪು ಬಿದ್ರೆ ಪ್ಯಾಸೆಂಜರ್‌ಗೆ ಸಂಕಟ, ನನಗೆ ಸಿನಿಮಾ" ಎನ್ನುತ್ತಿದ್ದರು ಮಾವ. ಅಲ್ಲಿ ಉಗುರಿನಷ್ಟು ಮೀನುಗಳಿವೆಯಂತೆ, ಮೈಮೇಲೆ ನೀಲಿ ದೀಪ ಹಚ್ಚಿಕೊಂಡಿವೆಯಂತೆ, ಹಿಂಡಾಗಿ ತಿರುಗಿದರೆ ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗಂತೆ. ಎಷ್ಟು ಸಲ ಹೇಳಿದ್ದರೋ. ಅತ್ತೆ ಅಷ್ಟು ಸಲವೂ, "ನೀರು, ಪಾಚಿ, ವಾಸನೆ. ಮನೆಯೊಳಗೆ ಬೇಡ" ಎಂದಿದ್ದಳು.

ಮರುದಿನ ಕೆಲಸದಿಂದ ಬರುವಾಗ ಅಲ್ಲಿಗೇ ಹೋದಳು.

ಅಂಗಡಿ ನಡೆಸುವಾಕೆ ದಪ್ಪ ಹೆಂಗಸು. ಸ್ಟೂಲಿನ ಮೇಲೆ ಕೂತರೆ ಸ್ಟೂಲು ಕಾಣುವುದಿಲ್ಲ. ಮೀನುಗಳ ಹತ್ತಿರ, "ಬಾರೋ ರಾಜಾ, ಊಟ ಆಯ್ತೇನೇ ಬಂಗಾರಿ" ಎಂದು ಮಾತಾಡುವಾಕೆ, ಗಿರಾಕಿಗಳನ್ನು ಕಂಡರೆ ಮುಖ ಗಂಟಿಕ್ಕುವಳು. ಅತ್ತೆ ನೀಲಿ ಮೀನನ್ನು ತೋರಿಸಿ, ಇವು ಬೇಕು, ಇವತ್ತೇ ಬೇಕು ಎಂದಳು.

"ಮನೇಲಿ ತೊಟ್ಟಿ ಇದ್ಯಾ?"

"ಅದನ್ನೂ ಇಲ್ಲೇ ತಗೋತೀನಿ."

"ಏನಮ್ಮಾ, ಇದೇನು ತರಕಾರಿನಾ? ತೊಟ್ಟಿ ತಗೊಂಡ್ಹೋಗಿ, ನೀರು ತುಂಬಿ, ಯಂತ್ರ ಓಡಿಸ್ತಾ ಇರಿ. ನೀರು ಹದಕ್ಕೆ ಬರ್ಬೇಕು. ತಿಂಗಳು ಕಳೀಲಿ. ಆಮೇಲೆ ಬನ್ನಿ ಮೀನಿಗೆ."

"ತಿಂಗಳು ಕಾಯೋಕಾಗಲ್ಲ."

"ಯಾಕೆ, ಮೀನಿಗೆ ಮುಹೂರ್ತ ಇಡ್ಸಿದೀರಾ?"

ಅತ್ತೆಗೆ ಪರರ ಮುಂದೆ ಗೋಳು ಹೇಳಿಕೊಂಡು ಅಭ್ಯಾಸವಿಲ್ಲ. ಅವತ್ತು ಹೇಳಿಬಿಟ್ಟಳು. ಸಿಗ್ನಲ್ಲಿನಲ್ಲಿ ನಿಲ್ಲುತ್ತಿದ್ದ ಬಸ್ಸು, ಬಿದ್ದುಹೋದ ಕೈಕಾಲು, ಅರ್ಧ ಉಳಿಯುವ ತಟ್ಟೆ, ಎಲ್ಲವನ್ನೂ. ಅಂಗಡಿಯಾಕೆ ಕೇಳುತ್ತ ಕೇಳುತ್ತ ಸ್ಟೂಲಿನಿಂದ ಎದ್ದಳು. "ಮೀಸೆ ಡ್ರೈವರ್ರಾ? ಹಾರ್ನ್ ಹೊಡ್ದು ನಮ್ಮ ಮೀನು ಹೆದರಿಸ್ತಾ ಇದ್ದೋರಾ? ಅಯ್ಯೋ ದೇವರೇ" ಎಂದಳು. ಒಂದು ಚಿಕ್ಕ ಗಾಜಿನ ತೊಟ್ಟಿ, ಅದಕ್ಕೆ ಸಣ್ಣ ಕಲ್ಲು, ನೀರನ್ನು ಬೆಚ್ಚಗಿಡುವ ಹೀಟರು, ನೀರು ಸೋಸುವ ಯಂತ್ರ, ನಲ್ಲಿ ನೀರಿನ ಔಷಧಿ ಹೋಗಲಾಡಿಸುವ ಹನಿ, ಎಲ್ಲವನ್ನೂ ತೆಗೆದಿಟ್ಟಳು. ಆಮೇಲೆ ತನ್ನ ಹಳೆಯ ತೊಟ್ಟಿಯೊಂದರ ಯಂತ್ರವನ್ನು ಬಿಚ್ಚಿ ಅದರೊಳಗಿನ ಸ್ಪಂಜನ್ನು ಹೊರಗೆಳೆದಳು. ಕಂದುಬಣ್ಣ, ಮುಟ್ಟಿದರೆ ಲೋಳೆ, ಹಿಂಡಿದರೆ ಕೆಸರು ಇಳಿಯುವ ಸ್ಪಂಜು. ಅದನ್ನು ನೀರಿನ ಚೀಲದಲ್ಲಿ ಹಾಕಿ ಗಂಟು ಕಟ್ಟಿದಳು.

"ಇದನ್ನ ಹಾಗೇ ನಿಮ್ಮ ಯಂತ್ರದೊಳಗೆ ಇಡಿ. ತಿಂಗಳು ಕಾಯೋದು ಉಳಿಯುತ್ತೆ. ತೊಳೀಬೇಡಿ, ಗೊತ್ತಾಯ್ತಾ?"

"ಗೊತ್ತಾಯ್ತು" ಎಂದಳು ಅತ್ತೆ.

ಮನೆಗೆ ಬಂದು ಚೀಲ ಬಿಚ್ಚಿದಾಗ ವಾಸನೆ ಬಂತು. ಹಾಸಿಗೆ ಹಿಡಿದ ಮನುಷ್ಯನ ಪಕ್ಕದಲ್ಲಿ, ಅವರ ಉಸಿರಿನಷ್ಟು ಹತ್ತಿರದಲ್ಲಿ ಇಂಥದನ್ನು ಇಡುವುದೇ? ಅಂಗಡಿಯಾಕೆ ಪಾಪ ಒಳ್ಳೆಯವಳು, ಆದರೆ ಆ ಅಂಗಡಿಯ ನೆಲವನ್ನು ನೋಡಿದರೆ ಶುಚಿಯ ವಿಷಯದಲ್ಲಿ ಅವಳ ಮಾತು ಕೇಳುವಂತಿರಲಿಲ್ಲ. ತೊಳೆಯಬೇಡಿ ಎಂದದ್ದು ಸಾಬೂನಿನಿಂದ ಇರಬೇಕು ಎಂದು ಅತ್ತೆ ತನಗೆ ತಾನೇ ಹೇಳಿಕೊಂಡಳು. ನೀರು ಕುದಿಸಿದಳು. ಸ್ಪಂಜನ್ನು ಅದರಲ್ಲಿ ಅದ್ದಿ, ಹಿಂಡಿ, ಮತ್ತೆ ಅದ್ದಿ, ಬಗ್ಗಡವೆಲ್ಲ ಹೋಗಿ ತಿಳಿನೀರು ಇಳಿಯುವವರೆಗೆ ತೊಳೆದಳು. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. ಹೊಸದರ ಹಾಗೆ ಬೆಳ್ಳಗಿತ್ತು. ಆಮೇಲೆ ಯಂತ್ರದೊಳಗಿಟ್ಟಳು.

ಉಳಿದದ್ದನ್ನೆಲ್ಲ ಹೇಳಿದಂತೆ ಮಾಡಿದಳು. ಮಂಚದ ಎಡಗಡೆ ಕಬ್ಬಿಣದ ಸ್ಟ್ಯಾಂಡಿಟ್ಟು ತೊಟ್ಟಿಯನ್ನು ಕೂರಿಸಿದಳು. ಕಲ್ಲು ಹಾಸಿ, ನೀರು ತುಂಬಿ, ಹನಿ ಬಿಟ್ಟು, ಹೀಟರು ಹಾಕಿ, "ಇವಕ್ಕೂ ಬಿಸಿನೀರೇ ಆಗ್ಬೇಕು, ಥೇಟ್ ಇವರ ಹಾಗೇ" ಎಂದು ಗೊಣಗಿ, ಮೀನಿನ ಚೀಲವನ್ನು ಸ್ವಲ್ಪ ಹೊತ್ತು ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿದಳು. ಆರು ಮೀನು. ದೀಪ ಹಾಕಿದೊಡನೆ ಆರಕ್ಕೂ ನೀಲಿ ಹತ್ತಿಕೊಂಡಿತು.

ಮಾವ ಗೋಡೆ ನೋಡುತ್ತಿದ್ದರು.

"ರೀ, ಈ ಕಡೆ ನೋಡ್ರೀ."

"ಯಾವ ಕಡೆ?"

ಮೇಡಂ ಹೇಳಿಕೊಟ್ಟಂತೆ ಅತ್ತೆ ಅವರ ಗದ್ದವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ದಾರಿ ತೋರಿಸಿದಳು. ಮಾವನ ಮುಖ ಅರ್ಧ ತಿರುಗಿತು. ತೊಟ್ಟಿಯ ಬಲಭಾಗದಲ್ಲಿ ಹಿಂಡು ತೇಲುತ್ತಿತ್ತು. ಅವರ ಬಾಯಿ ತೆರೆದುಕೊಂಡಿತು.

"ಲೇ. ನಮ್ಮ ಸಿಗ್ನಲ್ ಮೀನು."

ಅಷ್ಟರಲ್ಲಿ ಹಿಂಡು ಎಡಕ್ಕೆ ಸರಿಯಿತು. ಮಾವನ ಮುಖ ಸಪ್ಪಗಾಯಿತು. "ಎಲ್ಲಿ ಹೋದ್ವು?"

ಅತ್ತೆಗೆ ಆಗ ಅರ್ಥವಾಯಿತು. ಅವರಿಗೆ ತೊಟ್ಟಿಯೂ ಅರ್ಧವೇ ಇತ್ತು. ಮೀನುಗಳು ನಡುನೀರಿನಲ್ಲಿ ಮಾಯವಾಗುತ್ತಿದ್ದವು, ನಡುನೀರಿನಿಂದಲೇ ಹುಟ್ಟಿ ಬರುತ್ತಿದ್ದವು. ಮಾವನಿಗೆ ಅದೊಂದು ದೊಡ್ಡ ಸೋಜಿಗ. "ಮಧ್ಯದಲ್ಲಿ ಸುರಂಗ ಇದ್ಯಾ?" ಎಂದು ಕೇಳಿದರು.

ಆದರೆ ಬರುವುದನ್ನು ನೋಡಿದವರಿಗೆ ಹೋಗುವುದನ್ನೂ ನೋಡುವ ಆಸೆ ಹುಟ್ಟಿತು. ಒಂದು ಮೀನಿಗೆ ಬಾಲದ ತುದಿ ಹರಿದಿತ್ತು. ಅದಕ್ಕೆ ಮಾವ ಕಂಡಕ್ಟರ್ ಎಂದು ಹೆಸರಿಟ್ಟರು, ಹಿಂಡಿನ ಸುತ್ತ ತಿರುಗುತ್ತಲೇ ಇರುತ್ತಿತ್ತು ಅಂತ. ಕಂಡಕ್ಟರನನ್ನು ಬಿಡಬಾರದೆಂದು ಹಟ ಹಿಡಿದರು. ದಿನದಿನಕ್ಕೆ ಅವರ ಕಣ್ಣು ನಡುನೀರನ್ನು ದಾಟಿ ಬೆರಳಿನಷ್ಟು ಆಚೆ ಹೋಯಿತು, ಗೇಣಿನಷ್ಟು ಹೋಯಿತು. ಬೆವರು ಬರುವಷ್ಟು ಕಷ್ಟಪಡುವರು. ಒಂದು ಮಧ್ಯಾಹ್ನ ಕಂಡಕ್ಟರನ ಹಿಂದೆ ಹಿಂದೆ ಹೋದ ಕಣ್ಣು ತೊಟ್ಟಿಯ ಎಡ ಅಂಚಿಗೆ ಬಂದು, ಅಲ್ಲಿಂದ ಜಾರಿ, ಗಾಜಿನಾಚೆ ಕುರ್ಚಿಯಲ್ಲಿ ಬಟ್ಟೆ ಮಡಚುತ್ತಿದ್ದ ಅತ್ತೆಯ ಮೇಲೆ ಬಿತ್ತು.

"ಇಲ್ಲೇ ಕೂತಿದ್ದೀಯಾ?" ಎಂದರು. "ಯಾವಾಗ ಬಂದೆ?"

ಅತ್ತೆ ಮಡಚುತ್ತಿದ್ದ ಬಟ್ಟೆಯನ್ನು ಮಡಿಲಿಗಿಟ್ಟಳು. "ಈಗ ಬಂದೆ ರೀ" ಎಂದಳು.

ಕ್ಷಣದಲ್ಲೇ ಅವರ ಮುಖ ಮತ್ತೆ ಗೋಡೆಗೆ ತಿರುಗಿ ಅವಳು ಮತ್ತೆ ಇಲ್ಲವಾದಳು, ನಿಜ. ಆದರೂ ಒಂದು ಸಲ ಸಿಕ್ಕಿದ್ದಳಲ್ಲ. ಸಂಜೆ ಅಮ್ಮನ ಹತ್ತಿರ, "ಅತ್ತಿಗೆ, ಇವತ್ತು ನನ್ನನ್ನ ನೋಡಿದ್ರು" ಎಂದು ಹೊಸ ಮದುಮಗಳ ಹಾಗೆ ನಾಚಿಕೊಂಡು ಹೇಳಿದಳು.

ಆ ಸಂತೋಷದಲ್ಲಿ ಅವಳು ತೊಟ್ಟಿಯನ್ನು ಇನ್ನಷ್ಟು ಜೋಪಾನ ಮಾಡತೊಡಗಿದಳು. ಸ್ಪಂಜು ಒಂಚೂರು ಮಾಸಿದರೆ ತೆಗೆದು ಬಿಸಿನೀರಿನಲ್ಲಿ ತೊಳೆಯುವಳು. ಕಲ್ಲನ್ನು ಜರಡಿಯಲ್ಲಿ ಹಾಕಿ ಜಾಲಿಸುವಳು. ಗಾಜನ್ನು ಒಳಗೂ ಹೊರಗೂ ಉಜ್ಜುವಳು. ತೊಟ್ಟಿಯಲ್ಲಿ ನೀರಿದೆಯೋ ಇಲ್ಲವೋ ಎನ್ನುವಷ್ಟು ತಿಳಿಯಾಗಿತ್ತು.

ಮೊದಲು ಒಂದು ಮೀನು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿತು. ಅದರ ನೀಲಿ ಮಂಕಾಯಿತು. ಬೆಳಿಗ್ಗೆ ನೋಡಿದರೆ ಕಲ್ಲಿನ ಮೇಲೆ ಮಲಗಿತ್ತು. ಎಲ್ಲೋ ಕೊಳೆ ಉಳಿದಿರಬೇಕು ಎಂದುಕೊಂಡ ಅತ್ತೆ ಅವತ್ತು ಎಲ್ಲವನ್ನೂ ಎರಡೆರಡು ಸಲ ತೊಳೆದಳು. ಮಾರನೆಯ ದಿನ ಇನ್ನೊಂದು. ಆಮೇಲೆ ಜೋಡಿಯಾಗಿ ಎರಡು. ಮಾವ ಏಳುವ ಮುಂಚೆ ಚಮಚದಲ್ಲಿ ಎತ್ತಿ ಕಾಗದದಲ್ಲಿ ಸುತ್ತಿ ತೆಗೆದುಕೊಂಡು ಹೋಗುವಳು. ಕೊನೆಗೆ ಉಳಿದ ಎರಡರಲ್ಲಿ ಕಂಡಕ್ಟರನೇ ಮೊದಲು ಹೋದ. ಇನ್ನೊಂದು ಒಬ್ಬಂಟಿಯಾಗಿ ಮೂಲೆ ಹಿಡಿದು, ವಾರ ಕಳೆಯುವುದರೊಳಗೆ ಅದೂ ಹೋಯಿತು.

ಅತ್ತೆ ಮತ್ತೆ ಅಂಗಡಿಗೆ ಹೋದಳು. ಅಂಗಡಿಯಾಕೆ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದಳು. "ನಾನು ಕೊಟ್ಟ ಸ್ಪಂಜು?"

"ಚೆನ್ನಾಗಿ ತೊಳೆದೇ ಹಾಕಿದ್ದೆ. ಕುದಿಯೋ ನೀರಲ್ಲಿ. ದಿನಾ ತೊಳೀತಿದ್ದೆ."

ಅಂಗಡಿಯಾಕೆ ಬೈಯುವಳು ಎಂದು ಅತ್ತೆ ಅಂದುಕೊಂಡಿದ್ದಳು. ಅವಳು ಬೈಯಲಿಲ್ಲ. ತಣ್ಣಗೆ ಹೇಳಿದಳು. "ಮೀನು ತಿಂದದ್ದನ್ನ ನೀರಲ್ಲೇ ಬಿಡ್ಬೇಕಲ್ಲಮ್ಮಾ, ಅದು ವಿಷ. ನೀರು ಎಷ್ಟು ತಿಳಿಯಾಗಿದ್ರೂ ವಿಷ ಕಣ್ಣಿಗೆ ಕಾಣಲ್ಲ. ಆ ಲೋಳೆಯೊಳಗೆ ಸಣ್ಣ ಸಣ್ಣ ಜೀವ ಇರ್ತವೆ, ಅವು ಆ ವಿಷಾನ ತಿಂದು ನೀರನ್ನ ಕಾಯ್ತವೆ. ನೀವು ತೊಳೆದದ್ದು ಅವನ್ನ."

ಅಷ್ಟು ವರ್ಷ ಅತ್ತೆಯ ಕೈ ರೋಗಿಗಳನ್ನು ಕಾಯುತ್ತದೆ ಎಂದೇ ಎಲ್ಲರೂ ಹೇಳಿದ್ದರು. ಅವಳು ತನ್ನ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಳಂತೆ, ಅಂಗಡಿಯಲ್ಲಿ ಏನನ್ನಾದರೂ ಮುಟ್ಟಿಬಿಟ್ಟೇನು ಎನ್ನುವ ಹಾಗೆ.

"ಈಗ ಮೀನು ಕೊಡಲ್ಲ" ಎಂದಳು ಅಂಗಡಿಯಾಕೆ. "ಕೊಟ್ರೆ ಇವೂ ಸಾಯ್ತವೆ. ಈ ಇನ್ನೊಂದು ಸ್ಪಂಜು ತಗೊಳ್ಳಿ. ಕಾಳಿನಷ್ಟು ಮೀನಿನ ಆಹಾರ ದಿನಾ ನೀರಿಗೆ ಹಾಕಿ, ಮೀನಿಲ್ಲದಿದ್ರೂ ಹಾಕಿ. ಕೈ ಮಾತ್ರ ಅದ್ದಬೇಡಿ. ನಾನೇ ಬಂದು ನೋಡಿ ಹೇಳ್ತೀನಿ."

ಮನೆಯಲ್ಲಿ ಖಾಲಿ ತೊಟ್ಟಿ. ಮಾವನಿಗೆ ಏನೆಂದು ಹೇಳುವುದು? ಅತ್ತೆ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಮಾವ ಎಂದಿನಂತೆ ಮುಖ ತಿರುಗಿಸಿ ಬಲಭಾಗ ನೋಡಿದರು. ಮೀನಿಲ್ಲ. "ಆ ಕಡೆ ಹೋಗಿದಾವೆ" ಎಂದರು. ಎಡಗಡೆ ಒಂದಿದೆ ಎಂದು ಅವರಿಗೆ ಆ ಹೊತ್ತಿಗೆ ನಂಬಿಕೆ ಬಂದುಬಿಟ್ಟಿತ್ತು. ಇಲ್ಲದ ಮೀನಿಗಾಗಿ ನಡುನೀರು ದಾಟಿದರು. ಅಲ್ಲೂ ಇಲ್ಲ. "ಎಲ್ಲಾ ಬಾಗಿಲ ಹತ್ರ ಸೇರ್ಕೊಂಡಿರ್ಬೇಕು. ಒಳಗೆ ಹೋಗ್ರಪ್ಪಾ, ಒಳಗೆ ಹೋಗ್ರಿ" ಎಂದು ಗೊಣಗುತ್ತ ಇನ್ನೂ ತಿರುಗಿದರು. ಇದ್ದ ಮೀನಿಗೆ ತಿರುಗಿದ್ದಕ್ಕಿಂತ ಹೆಚ್ಚು ಇಲ್ಲದ ಮೀನಿಗೆ ತಿರುಗಿದರು.

ಮೇಡಂ ಬಂದವರು ಚಪ್ಪಾಳೆ ತಟ್ಟಿದರು. "ನೋಡಿ, ಕತ್ತು ಎಷ್ಟು ಚೆನ್ನಾಗಿ ತಿರುಗ್ತಿದೆ! ಮೀನು..." ಎಂದು ತೊಟ್ಟಿಯ ಕಡೆ ನೋಡಿ ಸುಮ್ಮನಾದರು. ಅತ್ತೆ ಅವರ ಹಿಂದೆ ನಿಂತು ಬಾಯಿಯ ಮೇಲೆ ಬೆರಳಿಟ್ಟುಕೊಂಡಿದ್ದಳು. ಆಚೆ ಹೋಗಿ, "ಹೇಳಿಬಿಡ್ಲಾ ಮೇಡಂ?" ಎಂದು ಕೇಳಿದಳು. ಮೇಡಂ, "ಅವರು ಹುಡುಕ್ತಾ ಇದಾರಲ್ಲ..." ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಅತ್ತೆಗೆ ಅನ್ನ ಸೇರಲಿಲ್ಲ. ಕುರ್ಚಿಯಲ್ಲಿ ಕೂತು, ಗಂಡ ಸತ್ತ ಮೀನುಗಳನ್ನು ಹುಡುಕುವುದನ್ನು ನೋಡುವಳು. ಪ್ರತಿ ದಿನ ಆ ಮುಖ ಅವಳಿಗೆ ಇನ್ನೊಂದಿಷ್ಟು ಹತ್ತಿರ ಬರುತ್ತಿತ್ತು. ಬರಲಿ ಎಂದು ಆಸೆ. ಬಂದರೆ ಏನು ಹೇಳಲಿ ಎಂದು ಭಯ.

ಒಂದು ದಿನ ಬಂದೇಬಿಟ್ಟಿತು. ಮಾವ ತೊಟ್ಟಿಯನ್ನು ಬಲದಿಂದ ಎಡಕ್ಕೆ ಪೂರ್ತಿ ನೋಡಿ ಮುಗಿಸಿ, ಅಂಚು ದಾಟಿ, ಅತ್ತೆಯನ್ನು ಹಿಡಿದು ನಿಲ್ಲಿಸಿದರು. ಈ ಸಲ ಕಣ್ಣು ಜಾರಲಿಲ್ಲ.

"ಮೀನಿಲ್ಲ" ಎಂದರು. "ನೀನೊಬ್ಳೇ ಇದ್ದೀಯ."

ಅತ್ತೆ ಅಳತೊಡಗಿದಳು.

"ಯಾವಾಗ ಸತ್ವೇ?"

"ಆಗ್ಲೇ. ನಾನೇ ಸಾಯಿಸ್ದೆ ರೀ. ತೊಳೆದೂ ತೊಳೆದೂ ಸಾಯಿಸಿಬಿಟ್ಟೆ."

ಮಾವನ ಬಾಯಿಯ ಒಂದು ಕಡೆ ಮಾತ್ರ ನಕ್ಕಿತು. "ಇಷ್ಟು ವರ್ಷ ನಿನ್ನ ಕೈಲಿ ತೊಳೆಸ್ಕೊಂಡೂ ಉಳಿದಿರೋನು ನಾನೊಬ್ಬನೇ ನೋಡು" ಎಂದರು. ಬಲಗೈ ಚಾಚಿದರು, ಎದೆಯ ಮೇಲಿನಿಂದ ಹಾಯ್ದು ಎಡಕ್ಕೆ. ಅದು ಅವಳವರೆಗೆ ಬರಲಿಲ್ಲ. ಅತ್ತೆಯೇ ಬಗ್ಗಿ ಹಿಡಿದುಕೊಂಡಳು.

ಅವತ್ತಿನಿಂದ ಮಾವ ತೊಟ್ಟಿಗೆ ಕಾವಲಾದರು. ಅತ್ತೆ ಬಟ್ಟೆ ಹಿಡಿದು ಆ ಕಡೆ ಸುಳಿದರೆ ಸಾಕು, ಮುಖ ತಿರುಗುವುದು. "ಕೈ ತೆಗಿ! ನೀರು ಹಣ್ಣಾಗ್ತಾ ಇದೆ." ಅತ್ತೆ ಬೇಕೆಂದೇ ಸುಳಿಯುವಳು. ಅವರು ಬೈಯಲಿ, ಬೈಯಲು ತಿರುಗಲಿ, ತಿರುಗಿ ತನ್ನನ್ನು ನೋಡಲಿ ಎಂದು. ಗಾಜಿನ ಮೂಲೆಯಲ್ಲಿ ಕಂದು ಪಸೆ ಕಟ್ಟತೊಡಗಿತು. ಅದನ್ನು ನೋಡಿದರೆ ಅವಳ ಬೆರಳು ತುರಿಸುತ್ತಿತ್ತು, ಆದರೂ ಮುಟ್ಟಲಿಲ್ಲ. ನಾನು ಅವರ ಮನೆಯಲ್ಲಿ ಅಷ್ಟು ನಗು ಕೇಳಿದ್ದು ಆ ದಿನಗಳಲ್ಲೇ. ಮಾವ ಯಾರು ಬಂದರೂ ಮೊದಲು ಎಡಕ್ಕೆ ತಿರುಗಿ, ಅತ್ತೆ ಇದ್ದಾಳೆಯೇ ಎಂದು ನೋಡಿಕೊಂಡು, ಆಮೇಲೆ ಮಾತಾಡುವರು.

ಒಂದು ಮುಂಜಾನೆ ಎರಡನೆಯ ಸಲ ಲಕ್ವ ಬಡಿಯಿತು. ಅತ್ತೆ ಕೆಲಸ ಮಾಡುವ ಆಸ್ಪತ್ರೆಗೇ ಕರೆದೊಯ್ದರು. ನರ್ಸುಗಳೆಲ್ಲ ಗುರುತಿನವರು. ಅವಳು ದಿನವೂ ಒರೆಸುವ ಮಂಚವನ್ನೇ ಕೊಟ್ಟರು. ಡಾಕ್ಟರು ಅತ್ತೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಮಾತಾಡಿದರು. ಅಷ್ಟು ಮೆಲ್ಲಗೆ ಮಾತಾಡಿದರೆ ಏನರ್ಥ ಎಂದು ಅವಳಿಗೆ ಅಲ್ಲಿ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮಂಚದ ಎಡಗಡೆ ಗ್ಲೂಕೋಸಿನ ಕಂಬ, ಯಂತ್ರ, ವೈರುಗಳು, ಒಬ್ಬ ನರ್ಸು. ಅಲ್ಲಿ ಜಾಗವಿರಲಿಲ್ಲವೆಂದಲ್ಲ, ಕೇಳಿದ್ದರೆ ಮಾಡಿಕೊಡುತ್ತಿದ್ದರು. ಅತ್ತೆ ಕೇಳಲಿಲ್ಲ. ಇಷ್ಟು ದಿನ ಅವರನ್ನು ಕಷ್ಟಪಡಿಸಿದ್ದು ಸಾಕು ಎನ್ನಿಸಿತು ಅವಳಿಗೆ. ಕತ್ತು ತಿರುಗಿಸಿ, ಬೆವರಿ, ಹುಡುಕಿ ಸಾಕಾಗಿದ್ದಾರೆ. ಇವತ್ತು ಕಣ್ಣು ಬಿಟ್ಟರೆ ಎದುರಿಗೇ ಸಿಗಬೇಕು, ಸುಲಭದ ಕಡೆಯಲ್ಲಿ. ಹಾಗೆಂದುಕೊಂಡು ಬಲಗಡೆ ಹೋಗಿ, ಸದ್ದು ಮಾಡದೆ ನಿಂತಳು.

ಮಾವ ಕಣ್ಣು ಬಿಟ್ಟರು. ಬಲಗಡೆ ನೋಡಲೇ ಇಲ್ಲ. ಉಸಿರು ಬಿಗಿಹಿಡಿದು, ದಿಂಬಿನ ಮೇಲೆ ತಲೆಯನ್ನು ಎಳೆದುಕೊಂಡು, ಮೆಲ್ಲಮೆಲ್ಲಗೆ ಎಡಕ್ಕೆ ತಿರುಗಿದರು. ಪೂರ್ತಿ ತಿರುಗಿದರು. ಅಲ್ಲಿದ್ದ ನರ್ಸಿನ ಮುಖ ನೋಡಿದರು.

"ನಮ್ಮವಳೆಲ್ಲಿ? ಈ ಕಡೆ ಇರ್ತಾಳಲ್ಲ" ಎಂದರು.

"ಇಲ್ಲಿದ್ದೀನ್ರೀ, ಬಂದೆ, ಬಂದೆ" ಎನ್ನುತ್ತ ಅತ್ತೆ ಮಂಚದ ಕಾಲುದೆಸೆಯನ್ನು ಸುತ್ತಿಕೊಂಡು ಓಡಿದಳು. ಕಂಬ ಅಡ್ಡ ಬಂತು. ನರ್ಸು ಅದನ್ನು ಸರಿಸಿದಳು. ವೈರು ದಾಟಿ ಅತ್ತೆ ಅವರ ಮುಖದ ಮುಂದೆ ಬರುವ ಹೊತ್ತಿಗೆ ಮಾವ ಕಣ್ಣು ಮುಚ್ಚಿದ್ದರು. ಮುಖ ಅವಳ ಕಡೆಗೇ ಇತ್ತು. ಆಮೇಲೆ ಅವರು ಕಣ್ಣು ತೆರೆಯಲಿಲ್ಲ. ಮಧ್ಯಾಹ್ನದವರೆಗೆ ಅತ್ತೆ ಅಲ್ಲೇ, ಎಡಗಡೆಯಲ್ಲೇ ಕೂತಿದ್ದಳು.

ಎಲ್ಲ ಮುಗಿದು, ಬಂದವರು ಹೋದ ಮೇಲೆ ಅತ್ತೆ ಅಮ್ಮನಿಗೆ ಹೇಳಿದ್ದು ಇದೊಂದನ್ನೇ. ಅಳುತ್ತಲೂ ಇರಲಿಲ್ಲ.

"ಅವರು ಕಲ್ತಿದ್ರು ಅತ್ತಿಗೆ. ನಾನೇ ಜಾಗ ಬದಲಾಯಿಸಿಬಿಟ್ಟೆ."

"ನೀನು ಅವರಿಗೆ ಸುಖ ಆಗ್ಲಿ ಅಂತ ತಾನೇ ಹೋಗಿ ನಿಂತದ್ದು" ಎಂದಳು ಅಮ್ಮ.

"ಹೌದು. ಸ್ಪಂಜು ತೊಳೆದದ್ದೂ ಅದಕ್ಕೇ" ಎಂದಳು ಅತ್ತೆ.

ಈಗ ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ. ಆಸ್ಪತ್ರೆಯಲ್ಲಿ ನೆಲ ಮೊದಲಿನಂತೆಯೇ ಹೊಳೆಯುತ್ತದಂತೆ. ಮನೆಯಲ್ಲಿ ಮಾತ್ರ ಏನನ್ನೂ ಮುಟ್ಟುವುದಿಲ್ಲ. ಬಂದವಳೇ ಅದೇ ಕುರ್ಚಿಯಲ್ಲಿ ಕೂರುತ್ತಾಳೆ. ಇಸ್ತ್ರಿ ಅಂಗಡಿಯ ಹಬೆಗೆ ಕಿಟಕಿ ಮಬ್ಬಾಗಿದೆ, ಮೂಲೆಯಲ್ಲಿ ಕಸ ನಿಂತಿದೆ. ಮಾವನ ಹಾಸಿಗೆ ಹಾಗೇ ಇದೆ. ತೊಟ್ಟಿಯ ಯಂತ್ರ ಓಡುತ್ತಿದೆ. ಅಂಗಡಿಯಾಕೆ ಬಂದು, ನೀರು ನೋಡಿ, ಅತ್ತೆಯ ಮುಖ ನೋಡಿ, ಮೀನಿನ ಮಾತೆತ್ತದೆ ಹೋದಳು.

ನಾಳೆ ಬೆಳಿಗ್ಗೆ ಅತ್ತೆ ಕೆಲಸಕ್ಕೆ ಹೋದ ಮೇಲೆ ನಾನು ಅವಳ ಮನೆಗೆ ಹೋಗಿ ಕಸ ಗುಡಿಸಿ, ನೆಲ ಒರೆಸಿ, ಕಿಟಕಿ ತೊಳೆದು ಬರುತ್ತೇನೆ. ತೊಟ್ಟಿಯನ್ನು ಮುಟ್ಟುವುದಿಲ್ಲ.